ಚಿಕ್ಕತ್ತೆಗೆ ಮೂರು ಮೀಟರು

ನಮ್ಮ ಮನೆಯಲ್ಲಿ ಒಂದು ಹಳೆಯ ಜೀಪಿದೆ. ನನ್ನ ಅತ್ತೆ ಬದುಕಿದ್ದಾಗ ಅದನ್ನು "ನನ್ನ ಸವತಿ" ಎಂದೇ ಕರೆಯುತ್ತಿದ್ದರು. ಮಾವ ಹೊರಗಿನಿಂದ ಬಂದರೆ ಮೊದಲು ಅದರ ಮೈ ಒರೆಸಿ, ಆಮೇಲೆ ಒಳಗೆ ಬಂದು ಹೆಂಡತಿಯ ಮುಖ ನೋಡುತ್ತಿದ್ದರಂತೆ. ಅತ್ತೆಗೆ ಸವತಿಯಾದರೆ ನನಗೆ ಚಿಕ್ಕತ್ತೆ ತಾನೆ? ಹಾಗಾಗಿ ನಾನು ಅದನ್ನು ಚಿಕ್ಕತ್ತೆ ಎನ್ನುತ್ತೇನೆ. ಹೇಳಿ ಕೇಳಿ ಸೊಸೆಯ ಜನ್ಮ. ದೊಡ್ಡತ್ತೆ ಹೋದ ಮೇಲೂ ಚಿಕ್ಕತ್ತೆಯ ಕಾಟ ತಪ್ಪಲಿಲ್ಲ.

ಚಿಕ್ಕತ್ತೆಯ ಡ್ಯಾಶ್‌ಬೋರ್ಡಿನಲ್ಲಿ ಮೂರು ತೂತುಗಳಿದ್ದವು. ಒಂದು ಕಾಲದಲ್ಲಿ ಅಲ್ಲಿ ಎಣ್ಣೆಯ ಒತ್ತಡ, ನೀರಿನ ಬಿಸಿ, ಬ್ಯಾಟರಿಯ ಚಾರ್ಜು ತೋರಿಸುವ ಮೀಟರುಗಳಿದ್ದವಂತೆ. ನಾನು ಈ ಮನೆಗೆ ಬರುವ ಹೊತ್ತಿಗೆ ಮೂರೂ ಸತ್ತು ಹೋಗಿ, ಒಂದು ತೂತಿನಲ್ಲಿ ಮಾವನ ಕನ್ನಡಕದ ಡಬ್ಬಿ, ಇನ್ನೊಂದರಲ್ಲಿ ಒರೆಸುವ ಬಟ್ಟೆ, ಮೂರನೆಯದರಲ್ಲಿ ಒಂದು ಜೇಡ ಸಂಸಾರ ಹೂಡಿತ್ತು. ಕೇಳಿದರೆ ಮಾವ ನಗುತ್ತಿದ್ದರು.

"ಮೀಟರು ಯಾಕಮ್ಮ? ಅವಳೇ ಬಾಯಿಬಿಟ್ಟು ಹೇಳ್ತಾಳಲ್ಲ."

ಅದು ನಿಜವೇ. ಎಣ್ಣೆ ಕಡಿಮೆಯಾದರೆ ಎಂಜಿನ್ನು ಹೇಗೆ ಟಿಕಟಿಕ ಎನ್ನುತ್ತದೆ, ಬಿಸಿ ಏರಿದರೆ ಹೇಗೆ ಗಂಟಲು ಕಟ್ಟಿದವರಂತೆ ಗೊರಗುಟ್ಟುತ್ತದೆ, ಬೆಲ್ಟು ಸಡಿಲವಾದರೆ ಹೇಗೆ ಕುಂಯ್‌ಗುಟ್ಟುತ್ತದೆ ಎಲ್ಲವೂ ಮಾವನಿಗೆ ಬಾಯಿಪಾಠ. ನನಗೆ ಗಾಡಿ ಓಡಿಸಲು ಕಲಿಸಿದವರೂ ಅವರೇ. ಮೊದಲ ಪಾಠದಲ್ಲಿ ಸ್ಟೀರಿಂಗ್ ಮುಟ್ಟಲು ಬಿಡಲಿಲ್ಲ. ನಿಂತ ಜೀಪಿನಲ್ಲಿ ಕೂರಿಸಿ, ಎಂಜಿನ್ನು ಚಾಲೂ ಮಾಡಿ, "ಕಣ್ಣು ಮುಚ್ಚಿ ಕೇಳು" ಎಂದಿದ್ದರು. ನನ್ನ ಹೆತ್ತಪ್ಪ ಕೂಡ ನನಗೆ ಅಷ್ಟು ತಾಳ್ಮೆಯಿಂದ ಏನನ್ನೂ ಕಲಿಸಿದವರಲ್ಲ.

ನಮ್ಮದು ಪೈಪು, ನಲ್ಲಿ, ಟ್ಯಾಂಕುಗಳ ಅಂಗಡಿ. ಮಾವ ಪ್ಲಂಬರ್ ಆಗಿ ಶುರು ಮಾಡಿದ್ದು. ಈಗ ನಮ್ಮನೆಯವರು ಪ್ಲಂಬರ್, ಗಲ್ಲಾದ ಮೇಲೆ ನಾನು. ಕಲ್ಲುಗಣಿಯ ಏರು ದಾಟಿದರೆ ಮೇಲೆ ಹತ್ತಾರು ಮನೆಗಳಿವೆ. ಗಣಿಯ ಲಾರಿ ಬಿಟ್ಟರೆ ಆ ದಾರಿಗೆ ಬೇರೆ ಗಾಡಿಗಳು ಹತ್ತುವುದಿಲ್ಲ. ಪೈಪಿನ ಕಟ್ಟು, ನೀರಿನ ಟ್ಯಾಂಕು ಹೊತ್ತು ಹೋಗುವುದು ಚಿಕ್ಕತ್ತೆ ಮಾತ್ರ, ಓಡಿಸುವುದು ಮಾವ ಮಾತ್ರ.

ಹೀಗಿರುವಾಗ ಮಾವನ ಕಿವಿ ಮಂದವಾಯಿತು. ಒಪ್ಪಿಕೊಂಡರೆ ತಾನೆ? "ಈಗಿನವರು ಬಾಯೊಳಗೇ ಮಾತಾಡ್ತಾರೆ" ಎಂದು ನಮ್ಮ ಮೇಲೇ ಹಾಕಿದರು. ಅವರ ದನಿ ಮಾತ್ರ ದಿನದಿನಕ್ಕೆ ಏರಿತು. ಗುಟ್ಟು ಹೇಳಿದರೂ ಮೂರು ಮನೆಯಾಚೆಗೆ ಕೇಳಿಸುತ್ತಿತ್ತು. ಪಕ್ಕದ ಮನೆಯಾಕೆಯ ಅಡುಗೆ ಚೆನ್ನಾಗಿಲ್ಲ ಎಂಬುದನ್ನು ಆಕೆಗೇ ಕೇಳುವಂತೆ ನನ್ನ ಕಿವಿಯಲ್ಲಿ ಪಿಸುಗುಟ್ಟಿ, ನಾನು ವಾರಗಟ್ಟಲೆ ಆಕೆಯ ಮುಖ ತಪ್ಪಿಸಿ ಓಡಾಡುವ ಹಾಗೆ ಮಾಡಿದರು ಪುಣ್ಯಾತ್ಮರು.

ನಗುವ ವಿಷಯವಾಗಿಯೇ ಉಳಿದಿದ್ದರೆ ಚೆನ್ನಾಗಿತ್ತು. ಒಂದು ದಿನ ಕಲ್ಲುಗಣಿಯ ಏರಿನಲ್ಲಿ ಫ್ಯಾನ್ ಬೆಲ್ಟು ಕಿರುಚಿಕೊಂಡು ಹರಿಯಿತು. ದಾರಿಯಲ್ಲಿದ್ದವರೆಲ್ಲ ಆ ಸದ್ದಿಗೆ ತಿರುಗಿ ನೋಡಿದರಂತೆ, ಒಬ್ಬ ಮಾವನನ್ನು ಬಿಟ್ಟು. ನೀರಿನ ಪಂಪು ನಿಂತು ಎಂಜಿನ್ನಿನ ನೀರು ಕುದಿಯಿತು. ಬಾನೆಟ್ಟಿನಿಂದ ಹಬೆ ಎದ್ದು ದಾರಿ ಕಾಣದಾದಾಗಲೇ ಅವರಿಗೆ ಗೊತ್ತಾಗಿದ್ದು. ಪಕ್ಕದಲ್ಲಿ ಪ್ರಪಾತ. ಹೇಗೋ ಬ್ರೇಕು ಒತ್ತಿದರು. ಗಣಿಯ ಲಾರಿಯವರೊಬ್ಬರು ಹಗ್ಗ ಕಟ್ಟಿ ಮನೆಗೆ ಎಳೆದು ತಂದರು. ಮಾವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು.

ಸಂಜೆ ಅತ್ತಿಗೆ ಬಂದರು. ಅತ್ತಿಗೆ ಎಂದರೆ ನಮ್ಮನೆಯವರ ಅಕ್ಕ, ಆಸ್ಪತ್ರೆಯಲ್ಲಿ ನರ್ಸು. ಬಂದವರೇ ಮೊಳೆಯಲ್ಲಿ ತೂಗುತ್ತಿದ್ದ ಜೀಪಿನ ಕೀ ತೆಗೆದು ತಮ್ಮ ಬ್ಯಾಗಿಗೆ ಹಾಕಿಕೊಂಡರು.

"ಅಪ್ಪಾ, ಇಷ್ಟು ದಿನ ಕಿವೀಲಿ ಗಾಡಿ ಓಡಿಸಿದ್ದು ಸಾಕು. ಇನ್ಮೇಲೆ ಬೇಡ."

ಮಾವ ಮುಖ ಮುಂದೆ ಚಾಚಿ, "ಹಾಂ?" ಎಂದರು.

"ನೋಡಿದ್ರಾ?" ಎಂದು ಅತ್ತಿಗೆ ನಮ್ಮ ಕಡೆ ತಿರುಗಿದರು. ಅಲ್ಲಿಗೆ ವಾದ ಮುಗಿಯಿತು.

ಅತ್ತಿಗೆಯೇ ಓಡಾಡಿ ಕಿವಿಗೆ ಮೆಷಿನ್ನು ಹಾಕಿಸಿದರು. ಮನೆಯಲ್ಲಿ ಅದರಿಂದ ಅನುಕೂಲವಾಯಿತು. ಹೊಸ ಬೆಲ್ಟು ಹಾಕಿಸಿದ ಮೇಲೆ ಒಮ್ಮೆ ಅತ್ತಿಗೆ ಕೀ ತಂದು, ನನ್ನ ಕೈಲಿ ಜೀಪು ಓಡಿಸಿ, ಮಾವನನ್ನು ಪಕ್ಕದಲ್ಲಿ ಕೂರಿಸಿ ನೋಡಿದರು. ಅದರೊಳಗೆ ಮಾತ್ರ ಟಾರ್ಪಾಲಿನ ಪಟಪಟ, ಬಾಗಿಲಿನ ಗಡಗಡ ಎಲ್ಲ ಒಟ್ಟಿಗೆ ಕಿವಿಗೆ ನುಗ್ಗಿ, ಎಂಜಿನ್ನಿನ ದನಿ ಅದರಲ್ಲಿ ಕಳೆದುಹೋಯಿತು. ಡಾಕ್ಟರು ಕಣ್ಣನ್ನೂ ಪರೀಕ್ಷೆ ಮಾಡಿ, ದೂರದ ನೋಟ ತಮಗಿಂತ ಚೆನ್ನಾಗಿದೆ ಎಂದರಂತೆ. ಆದರೂ ಅತ್ತಿಗೆ ಜಗ್ಗಲಿಲ್ಲ. ತಪ್ಪು ಅನ್ನುವಂತಿರಲಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಮಾವ ಜಗಳ ಮಾಡಿದ್ದರೆ ನಾನು ಸಹಿಸುತ್ತಿದ್ದೆ, ಜಗಳ ನನಗೆ ಹೊಸದಲ್ಲ. ಅವರು ಸುಮ್ಮನಾಗಿಬಿಟ್ಟರು. ಬೆಳಿಗ್ಗೆ ಎದ್ದು ಚಿಕ್ಕತ್ತೆಯ ಮೈ ಒರೆಸುವುದು, ಆಮೇಲೆ ಸ್ಟೀರಿಂಗ್ ಮುಂದೆ ಹೋಗಿ ಸುಮ್ಮನೆ ಕೂರುವುದು. ಚಹಾ ಕೊಟ್ಟರೆ ಅರ್ಧ ಕುಡಿದು "ಸಾಕಮ್ಮ". ಅಂಗಡಿಗೆ ಕರೆದರೆ ಬರುತ್ತಿದ್ದರು, ಸ್ಟೂಲಿನ ಮೇಲೆ ಕುಳಿತು ಗಿರಾಕಿಗಳಿಗೆ ದಾರಿ ಬಿಡುತ್ತಿದ್ದರು. ಗದ್ದಲ ಮಾಡುವ ಮನುಷ್ಯ ಹೀಗೆ ಮೂಲೆ ಹಿಡಿದರೆ ಮನೆ ಬಿಕೋ ಎನ್ನುತ್ತದೆ. ಅಳು ಬರುವ ಬದಲು ನನಗೆ ಸಿಟ್ಟು ಬರುತ್ತದೆ, ಹಾಗಾಗಿ ಆ ದಿನಗಳಲ್ಲಿ ಪಾತ್ರೆಗಳಿಗೆಲ್ಲ ಚೆನ್ನಾಗಿ ಬಿತ್ತು.

ಆ ಯೋಚನೆ ಬಂದದ್ದು ಅಂಗಡಿಯಲ್ಲೇ. ಒಬ್ಬರು ನೀರಿನ ಪಂಪಿಗೆ ಪ್ರೆಶರ್ ಗೇಜು ಬೇಕು ಎಂದು ಬಂದರು. "ಪಂಪು ಮಹಡಿ ಮೇಲಿದೆ. ಅದು ಓಡ್ತಿದೆಯೋ ಇಲ್ವೋ ಕೆಳಗೆ ಕೇಳ್ಸಲ್ಲ. ಕಣ್ಣಿಗಾದ್ರೂ ಕಾಣಲಿ" ಎಂದರು. ಗೇಜು ಕಾಗದದಲ್ಲಿ ಸುತ್ತುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಕೇಳದಿದ್ದರೆ ಕಾಣಲಿ! ಇಷ್ಟು ದಿನ ಇಂಥ ಗೇಜುಗಳನ್ನು ಮಾರುತ್ತಾ ಕೂತಿದ್ದೇನೆ, ನನ್ನ ತಲೆಗೆ ಮಣ್ಣು ತುಂಬಿತ್ತೇ?

ಮಧ್ಯಾಹ್ನ ನಮ್ಮನೆಯವರು ಊಟಕ್ಕೆ ಬಂದಾಗ ಹೇಳಿದೆ. ಅವರು ಮಾತಿಗೆ ಮೀಟರು ಹಾಕಿಸಿಕೊಂಡ ಮನುಷ್ಯ.

"ಅಕ್ಕ ಒಪ್ಪಲ್ಲ."

"ಒಪ್ಸೋದು ನನ್ನ ಕೆಲಸ ರೀ. ಕೂರ್ಸೋದು ನಿಮ್ಮ ಕೆಲಸ."

ಅತ್ತಿಗೆಗೆ ಫೋನು ಮಾಡಿದೆ. ಮೊದಲು ಬೈದರು, ಕೊನೆಗೆ ನರ್ಸಮ್ಮನ ದನಿಯಲ್ಲಿ ಹೇಳಿದರು: "ಸರಿ. ಭಾನುವಾರ ಬರ್ತೀನಿ, ಕೀ ತರ್ತೀನಿ. ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಆ ಗಣಿ ಏರು ಹತ್ತಿಸಿ ತೋರಿಸ್ಲಿ. ಎಲ್ಲ ಸರಿ ಇದ್ರೆ ಕೀ ಅಪ್ಪಂಗೆ. ಒಂಚೂರು ಎಡವಟ್ಟಾದ್ರೂ ಗುಜರಿಯವನನ್ನ ನಾನೇ ಕರೀತೀನಿ. ಆಮೇಲೆ ನೀನು ಬಾಯಿ ತೆಗೆಯೋ ಹಾಗಿಲ್ಲ."

ನಾನು ಬಾಯಿ ತೆಗೆಯದಿರುವುದು! ಆದರೂ ಒಪ್ಪಿದೆ.

ವಾಹನಗಳ ವೈರಿಂಗ್ ಮಾಡುವ ಒಬ್ಬರಿದ್ದಾರೆ, ಎಲ್ಲರೂ ಮೀಟರಣ್ಣ ಎನ್ನುತ್ತಾರೆ. ಚಿಕ್ಕತ್ತೆಯ ಕಾಲದ ಮೀಟರುಗಳು ಈಗ ಎಲ್ಲಿಯೂ ಸಿಗುವುದಿಲ್ಲವೆಂದು, ಯಾವ ಗಾಡಿಗಾದರೂ ಹೊಂದುವ ಹೊಸ ಮೂರನ್ನು ಕೊಟ್ಟರು. ಕಪ್ಪು ಮುಖ, ಬಿಳಿ ಅಂಕಿ, ಕೆಂಪು ಮುಳ್ಳು. "ನಾನೇ ಬಂದು ಹಾಕ್ಕೊಡ್ಲಾ ಅಕ್ಕಾ?" ಎಂದರು. "ನಮ್ಮನೆಯವರಿಗೇನು ಕೈಯಿಲ್ವಾ?" ಎಂದು ಬಂದುಬಿಟ್ಟೆ. ಬಾಯಿ ಎಂಬುದು ನನಗೆ ಯಾವಾಗಲೂ ಒಂದು ಹೆಜ್ಜೆ ಮುಂದೆ.

ಜೀಪಿನ ಹತ್ತಿರ ತಂದು ನೋಡಿದರೆ ತೂತು ದೊಡ್ಡದು, ಮೀಟರು ಚಿಕ್ಕದು. ಒಳಗೆ ಬಿಟ್ಟರೆ ಬಾವಿಗೆ ಬಿದ್ದ ಹಾಗೆ ಬೀಳುತ್ತಿತ್ತು. ನಮ್ಮನೆಯವರು ಎರಡು ನಿಮಿಷ ಗಲ್ಲ ಕೆರೆದುಕೊಂಡು, ಅಂಗಡಿಗೆ ಹೋಗಿ, ಪೈಪು ಜೋಡಿಸುವ ಪಿವಿಸಿ ಕಾಲರುಗಳನ್ನು ತಂದರು. ಅವನ್ನು ಬಳೆಯ ಹಾಗೆ ಕತ್ತರಿಸಿ, ಬಿಸಿ ಮಾಡಿ ಅಗಲಿಸಿ, ಉಜ್ಜಿ, ಕಪ್ಪು ಬಣ್ಣ ಹಚ್ಚಿ ತೂತಿಗೆ ಕೂರಿಸಿದರು. ಮೀಟರುಗಳು ಅದರೊಳಗೆ ಹೇಳಿ ಮಾಡಿಸಿದಂತೆ ಕುಳಿತವು. ಹೊಗಳಿದರೆ ತಲೆ ಮೇಲೆ ಕೂತಾರೆಂದು ನಾನು ಹೊಗಳಲಿಲ್ಲ. ಆದರೆ ಅಂದು ಅವರಿಗೆ ಕೇಳದೆಯೇ ಎರಡನೇ ಲೋಟ ಚಹಾ ಸಿಕ್ಕಿತು.

ಮಾವ ಮೊದಲ ದಿನ ದೂರ ನಿಂತು, "ಏನು, ಗಡಿಯಾರದ ಅಂಗಡಿ ಇಡ್ತೀರಾ?" ಎಂದು ಕೂಗಿದರು. ಎರಡನೇ ದಿನ ಹತ್ತಿರ ಬಂದು ಬ್ಯಾಟರಿಯ ವೈರು ಬಿಚ್ಚಿದ್ದೀರೋ ಇಲ್ಲವೋ ಎಂದು ನೋಡಿದರು. ಡ್ಯಾಶ್‌ಬೋರ್ಡಿನ ಹಿಂದೆ ಇಲಿಗಳು ಕಡಿದ ಹಳೆಯ ವೈರುಗಳು ಸಿಕ್ಕುಗಟ್ಟಿದ ಕೂದಲಿನಂತಿದ್ದವು. ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಮಾವನೇ ತೋರಿಸಿದರು. ಮೂರನೇ ದಿನ ನಾವು ಅವರಿಗೆ ಸಹಾಯ ಮಾಡುತ್ತಿದ್ದೆವು.

ಎಂಜಿನ್ನಿನ ಮೈಗೆ ಎರಡು ಸೆನ್ಸರುಗಳನ್ನು ತಿರುಗಿಸಿ ಕೂರಿಸಬೇಕಿತ್ತು. ಒಂದು ಎಣ್ಣೆಯ ಒತ್ತಡ ನೋಡುವುದು, ಇನ್ನೊಂದು ನೀರಿನ ಬಿಸಿ ನೋಡುವುದು. ಅಲ್ಲಿಂದ ಮೀಟರಿಗೆ ವೈರು. ನಮ್ಮನೆಯವರು ಜೇಬಿನಿಂದ ಬಿಳಿ ಟೇಪು ತೆಗೆದರು. ನಲ್ಲಿ ಸೋರದಿರಲೆಂದು ಥ್ರೆಡ್ಡಿಗೆ ಸುತ್ತುತ್ತಾರಲ್ಲ, ಅದೇ. ಈ ಮನೆಯ ಗಂಡಸರು ಟೇಪು ಸುತ್ತದೆ ಏನನ್ನೂ ತಿರುಗಿಸುವುದಿಲ್ಲ. ನಮ್ಮ ಮದುವೆಯ ದಿನವೂ ನಮ್ಮನೆಯವರ ಜೇಬಿನಲ್ಲಿ ಒಂದು ಸುರುಳಿ ಇತ್ತೆಂದರೆ ನಂಬಿ.

"ಇನ್ನೊಂದೆರಡು ಸುತ್ತು ಹಾಕೋ" ಎಂದರು ಮಾವ. "ತೊಟ್ಟಿಕ್ಕಿದ್ರೆ ಮನೆ ಮರ್ಯಾದೆ ಹೋಗುತ್ತೆ."

ಇವರು ಇನ್ನೂ ನಾಲ್ಕು ಸುತ್ತು ಹಾಕಿದರು. ಮರ್ಯಾದೆಯ ಪ್ರಶ್ನೆ ನೋಡಿ.

ಎಲ್ಲ ಮುಗಿಯಿತು, ಆದರೆ ಚಾಲೂ ಮಾಡಿ ನೋಡಲು ಕೀ ಇಲ್ಲ. "ವೈರು ಜೋಡ್ಸಿ ಚಾಲೂ ಮಾಡ್ಲಾ?" ಎಂದು ನಮ್ಮನೆಯವರು ಕೇಳಿದರು. ಮಾವ ಬೇಡವೆಂದು ತಲೆಯಾಡಿಸಿದರು. "ಮಗಳು ಬರ್ಲಿ. ಅವಳೇ ಕೊಡ್ಲಿ."

ಭಾನುವಾರ ಬೆಳಿಗ್ಗೆ ಅತ್ತಿಗೆ ರಾತ್ರಿಪಾಳಿ ಮುಗಿಸಿ ಕೆಂಪು ಕಣ್ಣುಗಳಲ್ಲಿ ಬಂದರು. ಮಾವ ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ, ಸ್ಟೀರಿಂಗ್ ಮುಂದೆ ಆಗಲೇ ಕುಳಿತಿದ್ದರು. ಅತ್ತಿಗೆ ಪಕ್ಕದಲ್ಲಿ ಕುಳಿತರು. ನಾನು ಹಿಂದೆ ಹತ್ತಿದೆ, ನಮ್ಮನೆಯವರು ಹೊರಗೆ ನಿಂತರು. ಯಾವ ಮೀಟರು ಏನೆಂದು ನಾನು ವಿವರಿಸಿದೆ.

"ಎಣ್ಣೆ ಒತ್ತಡ ಅಂದ್ರೆ ಬೀಪಿ ಇದ್ದ ಹಾಗೆ, ಅಲ್ವಾ?" ಎಂದರು ಅತ್ತಿಗೆ.

"ಸರಿಯಾಗಿ ಹೇಳಿದ್ರಿ."

ಕೀ ಕೊಟ್ಟರು. ಚಿಕ್ಕತ್ತೆ ಒಂದೇ ಸಲಕ್ಕೆ ಗುಡುಗಿದಳು. ಬ್ಯಾಟರಿಯ ಮುಳ್ಳು ಎದ್ದು ನಿಂತಿತು. ನೀರಿನ ಮುಳ್ಳು ಕೆಳಗಿತ್ತು, ಎಂಜಿನ್ನು ತಣ್ಣಗಿತ್ತಲ್ಲ. ಎಣ್ಣೆಯ ಮುಳ್ಳು ಸೊನ್ನೆಯಲ್ಲಿತ್ತು. ಕಾದೆವು. ಸೊನ್ನೆಯಲ್ಲೇ ಇತ್ತು. ಮಾವ ಬೆರಳಿನಿಂದ ಗಾಜನ್ನು ತಟ್ಟಿದರು. ಅಲುಗಾಡಲಿಲ್ಲ.

"ನಿಲ್ಲಿಸಿ! ನಿಲ್ಲಿಸಿ ಅಪ್ಪಾ!" ಎಂದು ನಮ್ಮನೆಯವರು ಹೊರಗಿನಿಂದ ಕೈಬೀಸಿದರು.

ಎಂಜಿನ್ನು ನಿಂತಿತು. ಎಣ್ಣೆಯ ಒತ್ತಡ ಇಲ್ಲವೆಂದರೆ ಎಂಜಿನ್ನಿನ ಒಳಗೆಲ್ಲ ಸವೆದು ಹೋಗಿದೆ ಎಂದರ್ಥ. ಅಂದು ಕುದಿದಾಗಲೇ ಒಳಗೆ ಸುಟ್ಟಿರಬೇಕು. ನಾನೇ ಕೈಯಾರೆ ಮೀಟರು ತಂದು ಚಿಕ್ಕತ್ತೆಯ ಸಾವನ್ನು ಊರಿಗೆ ತೋರಿಸಿದಂತಾಯಿತು.

"ಬೀಪಿ ಇಲ್ದೆ ಇರೋ ಪೇಷಂಟನ್ನ ಗುಡ್ಡ ಹತ್ತಿಸ್ತೀರಾ?" ಎಂದರು ಅತ್ತಿಗೆ. ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ, ಸುಸ್ತಿತ್ತು. ಕೀಗಾಗಿ ಕೈ ಚಾಚಿದರು.

ಮಾವ ಕೀ ತೆಗೆದು ಮಗಳ ಅಂಗೈಯಲ್ಲಿಟ್ಟರು. ಆಮೇಲೆ ಅಂಗಿಯ ಒಳಜೇಬಿಗೆ ಕೈಹಾಕಿ, ಸವೆದ ಇನ್ನೊಂದು ಕೀ ತೆಗೆದು ಅದರ ಪಕ್ಕದಲ್ಲೇ ಇಟ್ಟರು.

"ಇದೂ ತಗೋ. ಇನ್ನು ಇಟ್ಕೊಂಡು ಏನು ಮಾಡ್ಲಿ?"

ಅತ್ತಿಗೆ ಎರಡೂ ಕೀಗಳನ್ನು ನೋಡಿದರು. "ಅಪ್ಪಾ, ಇದು ಇಷ್ಟು ದಿನ ನಿಮ್ಮ ಹತ್ರಾನೇ ಇತ್ತಾ?"

"ಹೂಂ."

"ಮತ್ತೆ ಒಂದು ದಿನಾನೂ ಓಡಿಸ್ಲಿಲ್ವಾ?"

"ನೀನು ಕೀ ತಗೊಂಡಿದ್ದು ಭಯಕ್ಕಮ್ಮ, ದ್ವೇಷಕ್ಕಲ್ಲ" ಎಂದರು ಮಾವ, ಎಂದಿನಂತೆ ಬೀದಿಗೆಲ್ಲ ಕೇಳುವ ಹಾಗೆ. "ಮಗಳ ಭಯದ ಬೆನ್ನ ಹಿಂದೆ ಕಳ್ಳತನ ಮಾಡಕ್ಕಾಗುತ್ತಾ?"

ಅತ್ತಿಗೆ ಮುಖ ಆಚೆ ತಿರುಗಿಸಿದರು. ನನಗೆ ಅಳು ಬಂತು, ಅಂದರೆ ಎಂದಿನಂತೆ ಸಿಟ್ಟು ಬಂತು. ಆ ಸಿಟ್ಟಿಗೆ ಯಾರಾದರೂ ಬೇಕಿತ್ತು. ಫೋನು ತೆಗೆದು ಮೀಟರಣ್ಣನಿಗೆ ಹಚ್ಚಿದೆ.

"ಎಂಥ ಮೀಟರು ಕೊಟ್ಟಿದ್ದೀರಿ ನೀವು? ಮೇಲೇಳೋದೇ ಇಲ್ಲ, ಸೊನ್ನೇಲಿ ಮಲಗಿದೆ! ನಿಮ್ಮನ್ನ ನಂಬಿ ನಮ್ಮ ಮಾವ..." ಎಂದು ಉಸಿರು ಬಿಡದೆ ಬೈದೆ. ಅವರು ನಾನು ಉಸಿರೆಳೆಯುವವರೆಗೆ ಕಾದರು.

"ಅಕ್ಕಾ, ಸೆನ್ಸರಿಗೆ ಏನಾದ್ರೂ ಸುತ್ತಿದ್ದೀರಾ?"

"ಸುತ್ತದೆ ಬಿಡ್ತಾರಾ? ಇಪ್ಪತ್ತು ಸುತ್ತು ಟೇಪು ಹಾಕಿದ್ದಾರೆ. ನಾವೇನು ನಿನ್ನೆ ಮೊನ್ನೆ ಅಂಗಡಿ ಇಟ್ಟವರಾ?"

ಆ ಕಡೆಯಿಂದ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಗುವ ನಗು. "ಅಕ್ಕಾ, ಅದು ನಲ್ಲಿಯಲ್ಲ! ಸೆನ್ಸರಿನ ಮೈ ಎಂಜಿನ್ನಿನ ಮೈಗೆ ತಾಗ್ಲೇಬೇಕು, ಆ ಕಬ್ಬಿಣದಲ್ಲೇ ಕರೆಂಟು ವಾಪಸ್ ಹೋಗೋದು. ನೀವು ಅದಕ್ಕೆ ಕಂಬಳಿ ಹೊದಿಸಿ ಮಲಗಿಸಿದ್ದೀರ. ಟೇಪು ಬಿಚ್ಚಿ, ಬರಿ ಥ್ರೆಡ್ಡು ಬಿಗಿ ಮಾಡಿ. ಮುಳ್ಳು ಏಳ್ದಿದ್ರೆ ಆಮೇಲೆ ಬೈಯಿರಿ."

ಫೋನಿಟ್ಟು ಹೇಳಿದೆ. ನಮ್ಮನೆಯವರು ಸ್ಪ್ಯಾನರ್ ಹಿಡಿದು ಬಾನೆಟ್ಟಿನೊಳಗೆ ಬಗ್ಗಿದರು. ಅವರ ಕಿವಿ ಕೆಂಪಗಾಗಿದ್ದು ನನಗೆ ಕಂಡಿತು. ಸೆನ್ಸರು ಹೊರಗೆ ಬಂತು, ಥ್ರೆಡ್ಡೇ ಕಾಣದಷ್ಟು ಬೆಳ್ಳಗೆ.

ಅತ್ತಿಗೆ ಬಗ್ಗಿ ನೋಡಿದರು. "ಇದೇನೋ ಇದು! ಕಾಲು ಮುರಿದವರಿಗೆ ನಾನೂ ಇಷ್ಟು ಬ್ಯಾಂಡೇಜು ಸುತ್ತಲ್ವಲ್ಲೋ!"

"ಅಪ್ಪಾನೇ ಇನ್ನೊಂದೆರಡು ಸುತ್ತು ಅಂದ್ರು" ಎಂದರು ಇವರು.

ಮಾವ ಏನೂ ಕೇಳಿಸದವರ ಹಾಗೆ ಆಕಾಶ ನೋಡಿದರು. ಮೆಷಿನ್ನು ಕಿವಿಯಲ್ಲೇ ಇತ್ತು.

ಎರಡೂ ಸೆನ್ಸರುಗಳ ಟೇಪು ಬಿಚ್ಚಿ ಮತ್ತೆ ಕೂರಿಸಿ, ಚೆಲ್ಲಿದ ನೀರು ತುಂಬಿಸುವ ಹೊತ್ತಿಗೆ ಬಿಸಿಲೇರಿತ್ತು. ಅತ್ತಿಗೆ ಕೀ ಕೊಟ್ಟರು. ಚಿಕ್ಕತ್ತೆ ಗುಡುಗಿದಳು. ಎಣ್ಣೆಯ ಮುಳ್ಳು ನಡುಗಿತು, ಎದ್ದಿತು, ನಡುವಿನ ಗೆರೆ ದಾಟಿ ಗಟ್ಟಿಯಾಗಿ ನಿಂತಿತು. ಹೋದ ಜೀವ ಬಂದಂತಾಯಿತು ನನಗೆ. ಜೋರಾಗಿ ಕೂಗಿಯೇಬಿಟ್ಟೆನೆಂದು ಕಾಣುತ್ತದೆ, ಯಾಕೆಂದರೆ ಪಕ್ಕದ ಮನೆಯಾಕೆ ಕಿಟಕಿ ತೆರೆದು, "ಏನಾಯ್ತ್ರೀ?" ಎಂದರು.

"ಬೀಪಿ ನಾರ್ಮಲ್!" ಎಂದೆ.

ಗಣಿಯ ಏರಿನಲ್ಲಿ ಅತ್ತಿಗೆಯ ಕಣ್ಣು ಮೀಟರಿನ ಮೇಲೆ, ನನ್ನ ಕಣ್ಣು ಅತ್ತಿಗೆಯ ಮೇಲೆ. ಮಾವ ಮೊದಲು ದಾರಿ ನೋಡುತ್ತಿದ್ದರು, ಆಮೇಲೆ ಒಂದು ಚಣ ಮೀಟರು, ಮತ್ತೆ ದಾರಿ. ಅರ್ಧ ಏರಿದಾಗ ನೀರಿನ ಮುಳ್ಳು ಮೆಲ್ಲನೆ ಮೇಲೆ ಸರಿಯಿತು. ಕೆಂಪು ಗೆರೆ ಇನ್ನೂ ದೂರವಿತ್ತು. ಅತ್ತಿಗೆ ಬಾಯಿ ತೆರೆಯುವ ಮೊದಲೇ ಮಾವ ಅಗಲವಾದ ಜಾಗ ನೋಡಿ ಬದಿಗೆ ಹಾಕಿ ನಿಲ್ಲಿಸಿದರು. ಹಿಂದಿನ ಮಾವನಾಗಿದ್ದರೆ "ಅವಳು ತಡೀತಾಳೆ ಬಿಡು" ಎಂದು ಹತ್ತಿಸುತ್ತಿದ್ದರು.

"ಸ್ವಲ್ಪ ತಣಿಯಲಿ. ಇದು ಹೇಳ್ತಿದೆಯಲ್ಲ" ಎಂದು ಮೀಟರು ತೋರಿಸಿದರು.

ಮುಳ್ಳು ಇಳಿದ ಮೇಲೆ ಉಳಿದ ಏರು ಹತ್ತಿದೆವು. ಮೇಲೆ ತಲುಪಿ, ಎಂಜಿನ್ನು ಆರಿಸಿ, ಮಾವ ಕೀ ತೆಗೆದು ಮಗಳ ಕಡೆ ಚಾಚಿದರು. ಅತ್ತಿಗೆ ಅದನ್ನು ಮುಟ್ಟಲಿಲ್ಲ. ಬ್ಯಾಗಿನಿಂದ ಸವೆದ ಕೀಯನ್ನೂ ತೆಗೆದು, ಅವರ ಕೈಗೇ ಇಟ್ಟರು.

"ಎರಡೂ ನಿಮ್ಮದೇ ಅಪ್ಪಾ."

ಮಾವ ಸವೆದ ಕೀಯನ್ನು ಬೆರಳಲ್ಲಿ ತಿರುಗಿಸಿ ನೋಡಿ, ಮತ್ತೆ ಮಗಳ ಬ್ಯಾಗಿಗೇ ಹಾಕಿದರು.

"ಇದು ನಿನ್ನ ಹತ್ರಾನೇ ಇರ್ಲಿ. ಕಿವಿ ಕೈಕೊಟ್ಟಿದ್ದು ನಾನು ಹೇಳ್ಲಿಲ್ಲ, ನಿನಗೆ ಮುಚ್ಚಿಟ್ಟೆ. ಕಣ್ಣು ಕೈಕೊಟ್ಟ ದಿನ ನಾನೇ ಫೋನು ಮಾಡ್ತೀನಿ. ಬಂದು ಇನ್ನೊಂದನ್ನೂ ತಗೊಂಡು ಹೋಗು."

ಅತ್ತಿಗೆ "ಹೂಂ" ಎಂದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಟಾರ್ಪಾಲಿನ ಹಗ್ಗ ಬಿಗಿ ಮಾಡುವವಳಂತೆ ಆ ಕಡೆ ತಿರುಗಿದೆ. ಅಲ್ಲಿ ಹಗ್ಗ ಆಗಲೇ ಬಿಗಿಯಾಗಿತ್ತು.

ಇಳಿಯುವಾಗ ಅತ್ತಿಗೆ ಮೀಟರು ನೋಡಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟ ಜೀವ, ಮೊದಲ ತಿರುವಿನಲ್ಲೇ ತಲೆ ತೂಗಿತು. ಎರಡನೇ ತಿರುವಿನಲ್ಲಿ ಅಪ್ಪನ ಭುಜಕ್ಕೆ ಒರಗಿ ಗಾಢವಾಗಿ ನಿದ್ದೆ ಹೋದರು. ಅವತ್ತು ಹಬೆ ಎದ್ದಿದ್ದ ಜಾಗ ಬಂತು, ಹೋಯಿತು. ಅವರಿಗೆ ಎಚ್ಚರವಾಗಲಿಲ್ಲ.

ನನಗೆ ಖುಷಿ ತಡೆಯಲಾಗದೆ, "ಮಾವಾ, ಎಣ್ಣೆ ಎಷ್ಟು ತೋರಿಸ್ತಿದೆ?" ಎಂದು ಹಿಂದಿನಿಂದ ಕೂಗಿದೆ. ಮಾವ ತಿರುಗಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿ, ತುಟಿಯ ಮೇಲೆ ಬೆರಳಿಟ್ಟರು.

"ಶ್... ಮಗು ಮಲಗಿದೆ" ಎಂದರು.

ಎಷ್ಟೋ ವರ್ಷಗಳ ಮೇಲೆ ಮಾವ ಮೆಲ್ಲಗೆ ಮಾತಾಡಿದ್ದು ಅವತ್ತೇ. ಎಷ್ಟು ಮೆಲ್ಲಗೆ ಎಂದರೆ, ಚಿಕ್ಕತ್ತೆಯ ಗದ್ದಲದಲ್ಲಿ ನನಗೆ ಅವರ ತುಟಿ ನೋಡಿಯೇ ಗೊತ್ತಾಯಿತು.